ಬೇಸಿಗೆ ಬಂತೆಂದು ಸ್ಪ್ಲೆಂಡರ್‌ಗೆ ಗಟ್ಟಿ ಆಯಿಲ್ ಹಾಕಿಸಬೇಕಾ?

ಮಧುಗಿರಿ_ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಸ್ಪ್ಲೆಂಡರ್ ಪ್ಲಸ್. ಮಧುಗಿರಿಯಿಂದ ಕೊರಟಗೆರೆ ಮೇಲೆ ವಸಂತನರಸಾಪುರದ ಫ್ಯಾಕ್ಟರಿಗೆ ದಿನಾ ಓಡಾಟ. ಸೆಕೆಂಡ್ ಶಿಫ್ಟ್ ಇದ್ದರೆ ನೆತ್ತಿ ಸುಡುವ ಹೊತ್ತಿಗೇ ಹೊರಡಬೇಕು. ಯುಗಾದಿ ಕಳೆದ ಮೇಲೆ ಎಂಜಿನ್ ಸದ್ದು ಬೇರೆಯಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಕೊರಟಗೆರೆ ದಾಟುವಷ್ಟರಲ್ಲಿ ಹೆಡ್ (ಎಂಜಿನ್ ಮೇಲ್ಭಾಗ) ಕಡೆಯಿಂದ ಟಿಕ್ ಟಿಕ್ ಶುರು. ಗಾಡಿ ಕಾದ ಮೇಲೆ ನ್ಯೂಟ್ರಲ್ ಬೀಳಿಸುವುದಕ್ಕೂ ಒದ್ದಾಡಬೇಕು.

ನಮ್ಮೂರ ಮೆಕ್ಯಾನಿಕ್ ಹೇಳಿದ್ದು, "ಈ ಬಿಸಿಲಿಗೆ ಆಯಿಲ್ ನೀರಾಗುತ್ತದೆ ಸಾರ್, 20ಡಬ್ಲ್ಯು-50 ಹಾಕಿಬಿಡೋಣ." ಗಾಡಿ ಬುಕ್ಕಲ್ಲಿ ನೋಡಿದರೆ 10ಡಬ್ಲ್ಯು-30 ಎಂದಿದೆ. ಪಕ್ಕದ ಮನೆಯವರು ಪಲ್ಸರ್‌ಗೆ 20ಡಬ್ಲ್ಯು-50 ಹಾಕುತ್ತಾರೆ, ಅವರ ಗಾಡಿ ಚೆನ್ನಾಗಿಯೇ ಇದೆ. ಯಾರ ಮಾತು ಕೇಳಲಿ?

ಡೆಲಿವರಿ_ಟೌನ್‌ಹಾಲ್

ಬ್ರೋ ಕಣ್ಣು ಮುಚ್ಚಿಕೊಂಡು 20ಡಬ್ಲ್ಯು-50 ಹಾಕಿಸಿ. ಸೌಂಡ್ ಅವತ್ತೇ ನಿಲ್ಲುತ್ತದೆ. ನಮ್ಮ ಹುಡುಗರೆಲ್ಲ ಬೇಸಿಗೆಗೆ ಅದನ್ನೇ ಹಾಕಿಸುತ್ತಾರೆ.

ಗ್ಯಾರೇಜ್_ಶಿರಾಗೇಟ್

ಸೌಂಡ್ ನಿಲ್ಲುತ್ತದೆ, ನಿಜ. ಸೌಂಡ್ ಮಾಡುತ್ತಿದ್ದ ಕಾರಣ ಅಲ್ಲೇ ಇರುತ್ತದೆ. ಗಟ್ಟಿ ಆಯಿಲ್ ಅದರ ಮೇಲೆ ಚಾದರ ಹೊದಿಸುತ್ತದೆ ಅಷ್ಟೇ.

ಸಾರ್, ಗ್ರೇಡ್ ಮಾತು ಆಮೇಲೆ. ಮೊದಲು ಮೂರು ವಿಷಯ ಹೇಳಿ. ಕಳೆದ ಸಲ ಆಯಿಲ್ ಬದಲಾಯಿಸಿ ಎಷ್ಟು ಕಿಲೋಮೀಟರ್ ಆಯಿತು? ಮಧ್ಯೆ ಯಾವತ್ತಾದರೂ ಲೆವೆಲ್ ನೋಡಿದ್ದೀರಾ? ಟ್ಯಾಪೆಟ್, ಅಂದರೆ ವಾಲ್ವ್ ಸಂದು, ಯಾವಾಗ ಸೆಟ್ ಮಾಡಿಸಿದ್ದು?

ಬೇಸಿಗೆಯಲ್ಲಿ ನನ್ನ ಗ್ಯಾರೇಜಿಗೆ "ಎಂಜಿನ್ ಸೌಂಡ್" ಎಂದು ಬರುವ ಗಾಡಿಗಳಲ್ಲಿ ಆಯಿಲ್ ತೆಳುವಾಗಿ ಕೆಟ್ಟಿದ್ದಕ್ಕಿಂತ ಆಯಿಲ್ ಕಮ್ಮಿಯಾಗಿ ಕೆಟ್ಟಿದ್ದೇ ಜಾಸ್ತಿ. ಡ್ರೈನ್ ನಟ್ ಬಿಚ್ಚಿದರೆ ಅರ್ಧ ಲೀಟರ್ ಕೂಡ ಬೀಳುವುದಿಲ್ಲ. ಅಂಥ ಗಾಡಿಗೆ ಯಾವ ಗ್ರೇಡ್ ಹಾಕಿದರೂ ಮೊದಲ ವಾರ ಸೊಗಸಾಗಿ ಓಡುತ್ತದೆ. ಗುಣವಾಗಿದ್ದು ಗ್ರೇಡಿನಿಂದಲ್ಲ, ಆಯಿಲ್ ತುಂಬಿದ್ದರಿಂದ. ಗಿರಾಕಿ ಮಾತ್ರ "ಗಟ್ಟಿ ಆಯಿಲ್ ಹಾಕಿಸಿದೆ, ಸರಿಹೋಯಿತು" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಕೆಮಿಸ್ಟ್ರಿ_ಮೇಷ್ಟ್ರು

ತಿಪಟೂರಿನಿಂದ. ಪಿಯುಸಿ ಮಕ್ಕಳಿಗೆ ಪಾಠ ಮಾಡುವ ಅಭ್ಯಾಸ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಡಬ್ಬಿಯ ಮೇಲಿರುವ ಸಂಖ್ಯೆಗಳನ್ನು ಮೊದಲು ನೋಡೋಣ. ಡಬ್ಲ್ಯು ಜೊತೆಗಿರುವ ಮೊದಲ ಸಂಖ್ಯೆ ಚಳಿಗೆ ಸೇರಿದ್ದು. 10ಡಬ್ಲ್ಯು ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ. ತುಮಕೂರು ಜಿಲ್ಲೆಯಲ್ಲಿ ಆ ಚಳಿ ಯಾವ ಕಾಲಕ್ಕೂ ಬರುವುದಿಲ್ಲ. ಆದ್ದರಿಂದ ಆ ಸಂಖ್ಯೆ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಎರಡನೇ ಸಂಖ್ಯೆ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತೆ ಅಳೆಯುವ ಮಾನ) ಒಳಗೆ. 40 ಎಂದರೆ 12.5ರಿಂದ 16.3. 50 ಎಂದರೆ 16.3ರಿಂದ 21.9. ಅಂದರೆ ಈ ಸಂಖ್ಯೆ ಕೊಡುವಾಗಲೇ ಎಂಜಿನ್ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಈಗ ಬಿಸಿಲಿನ ವಿಚಾರ. ಜನವರಿ ಮಧ್ಯಾಹ್ನ 28 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 38 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಹತ್ತು ಡಿಗ್ರಿ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನ ಆಯಿಲ್ ಓಡುವಾಗ ಸಾಮಾನ್ಯವಾಗಿ 90ರಿಂದ 120 ಡಿಗ್ರಿಯಲ್ಲಿರುತ್ತದೆ. ಹೊರಗೆ ಹತ್ತು ಡಿಗ್ರಿ ಏರಿದರೆ ಅದೂ ಹೆಚ್ಚುಕಮ್ಮಿ ಹತ್ತೇ ಡಿಗ್ರಿ ಏರುತ್ತದೆ. ನಮ್ಮ ಮೈಗೆ 38 ಡಿಗ್ರಿ ಬೆಂಕಿಯಂತೆ ಅನ್ನಿಸುತ್ತದೆ. ಆಯಿಲಿಗೆ ಅದು 100 ಇದ್ದದ್ದು 110 ಆದ ಹಾಗೆ. ಅಷ್ಟಕ್ಕೇ ಅದು ನೀರಾಗುವುದಿಲ್ಲ.

ಆದರೆ ಆ ಹತ್ತು ಡಿಗ್ರಿ ಇನ್ನೊಂದು ಕಡೆ ಪೆಟ್ಟು ಕೊಡುತ್ತದೆ. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ ಹತ್ತು ಡಿಗ್ರಿಗೆ ಸುಮಾರು ಎರಡರಷ್ಟಾಗುತ್ತದೆ ಎಂಬ ಅಂದಾಜು ಲೆಕ್ಕ ಇದೆ. ಆಯಿಲ್ ಗಾಳಿಯ ಜೊತೆ ಸೇರಿ ಕೆಡುವುದೂ ಅಂಥದೇ ಕ್ರಿಯೆ. ಅಂದರೆ ಬೇಸಿಗೆಯಲ್ಲಿ ಆಯಿಲ್ ತೆಳುವಾಗುವುದಕ್ಕಿಂತ ಬೇಗ ಮುದಿಯಾಗುತ್ತದೆ. ಒಂದೇ ಎಣ್ಣೆಯಲ್ಲಿ ಬೋಂಡಾ ಕರಿದು ಕರಿದು ಅದು ಕಪ್ಪಗೆ ಅಂಟಂಟಾಗುತ್ತದಲ್ಲ, ಇದೂ ಅದೇ. ನನ್ನ ಪ್ರಕಾರ ಬೇಸಿಗೆಗೆ ಬದಲಾಯಿಸಬೇಕಾದದ್ದು ಗ್ರೇಡನ್ನಲ್ಲ, ಆಯಿಲ್ ಬದಲಾಯಿಸುವ ಗಡುವನ್ನು.

ಡೆಲಿವರಿ_ಟೌನ್‌ಹಾಲ್

ಮೇಷ್ಟ್ರೇ ಲೆಕ್ಕ ಚೆನ್ನಾಗಿದೆ. ಆದರೆ ಬಿ.ಎಚ್. ರಸ್ತೆ ಟ್ರಾಫಿಕ್‌ನಲ್ಲಿ ನಿಂತು ನೋಡಿ. ಹೊರಗೆ 38 ಇದ್ದರೆ ಎಂಜಿನ್ ಪಕ್ಕ ಕಾಲು ಇಡಲಾಗುವುದಿಲ್ಲ. ಪ್ಯಾಂಟ್ ಸುಟ್ಟುಹೋಗುವ ಹಾಗೆ ಕಾಯುತ್ತದೆ. ಇದು ಬರೀ ಹತ್ತು ಡಿಗ್ರಿ ಲೆಕ್ಕ ಅಲ್ಲ.

ಕೆಮಿಸ್ಟ್ರಿ_ಮೇಷ್ಟ್ರು

ಒಪ್ಪುತ್ತೇನೆ. ಅಲ್ಲಿ ಕಾಯಿಸುವುದು ಬಿಸಿಲಲ್ಲ, ಗಾಳಿ ಇಲ್ಲದಿರುವುದು. ಹೆಡ್ ಸುತ್ತ ಇರುವ ಫಿನ್‌ಗಳು ಕೆಲಸ ಮಾಡಬೇಕಾದರೆ ಅವುಗಳ ಮಧ್ಯೆ ಗಾಳಿ ನುಗ್ಗಬೇಕು. ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? ಡಿಸೆಂಬರ್‌ನಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿದ ಗಾಡಿ ಏಪ್ರಿಲ್‌ನಲ್ಲಿ ಹೈವೇಯಲ್ಲಿ 50ರಲ್ಲಿ ಹೋಗುವ ಗಾಡಿಗಿಂತ ಜಾಸ್ತಿ ಕಾಯಬಹುದು. ಅಂಗಡಿ ಮುಂದೆ ಪಾರ್ಸಲ್‌ಗೆ ಕಾಯುವಾಗ ಎಂಜಿನ್ ಆಫ್ ಮಾಡಿದರೆ ಅದೇ ದೊಡ್ಡ ಉಪಕಾರ.

ಪಾವಗಡದ_ಬಿಸಿಲು

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿರುಮಣಿ ಹತ್ತಿರದ ಸೋಲಾರ್ ಪಾರ್ಕ್‌ನಲ್ಲಿ ಕೆಲಸ. 2,050 ಮೆಗಾವಾಟ್‌ನದು, ಸುಮಾರು 13,000 ಎಕರೆ. ಒಳಗಿನ ದಾರಿಗಳಲ್ಲಿ ಪ್ಯಾನೆಲ್ ಸಾಲು ನೋಡಿಕೊಂಡು ಎರಡನೇ ಗೇರ್‌ನಲ್ಲಿ ನಿಧಾನಕ್ಕೆ ಹೋಗಬೇಕು. ಎಲ್ಲೂ ಒಂದು ಮರ ಇಲ್ಲ. ನಮ್ಮ ಜೊತೆಯವರ ಗಾಡಿಗಳಲ್ಲಿ ಆಯಿಲ್ ಬೇಗ ಇಳಿಯುವುದು ಇಲ್ಲಿ ಸುತ್ತುವವರದ್ದೇ, ದಿನಾ ಪಾವಗಡದಿಂದ ನೇರ ಬಂದು ನಿಲ್ಲಿಸಿ ಸಂಜೆ ಹೋಗುವವರದ್ದಲ್ಲ.

ಇನ್ನೊಂದು, ಧೂಳು. ಇದನ್ನು ಯಾರೂ ಹೇಳಲಿಲ್ಲ. ನಮ್ಮ ಕಡೆ ಮಾರ್ಚ್‌ನಿಂದ ಗಾಳಿಯಲ್ಲಿ ಮಣ್ಣೇ ಇರುತ್ತದೆ. ಏರ್ ಫಿಲ್ಟರ್ ಕಟ್ಟಿದ ಗಾಡಿಯೂ ಕಷ್ಟ, ಹರಿದ ಗಾಡಿ ಅದಕ್ಕಿಂತ ಕಷ್ಟ. ಒಳಗೆ ಹೋದ ಸಣ್ಣ ಮಣ್ಣು ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಯ ಆಯಿಲ್ ಜೊತೆ ಸೇರಿ ಪಿಸ್ಟನ್ ರಿಂಗ್ ಉಜ್ಜುತ್ತದೆ. ಆಮೇಲೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ಬೇಸಿಗೆಯಲ್ಲಿ ಆಯಿಲಿಗೆ ಎಷ್ಟು ಗಮನ ಕೊಡುತ್ತೀರೋ ಫಿಲ್ಟರಿಗೂ ಅಷ್ಟೇ ಕೊಡಿ.

ಮಧುಗಿರಿ_ಸವಾರ

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆಯಿಲ್ ಬದಲಾಯಿಸಿದ್ದು ದೀಪಾವಳಿ ಹೊತ್ತಿಗೆ. ಮಧ್ಯೆ ಲೆವೆಲ್ ನೋಡಿಲ್ಲ. ಈಗ ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದೆ, ಸೈಡ್ ಸ್ಟ್ಯಾಂಡ್‌ನಲ್ಲಿ ಕಡ್ಡಿಯ ತುದಿಗೆ ಮಾತ್ರ ಆಯಿಲ್ ತಾಗುತ್ತಿದೆ. ಬಣ್ಣ ಪೂರ್ತಿ ಕಪ್ಪು. ಟ್ಯಾಪೆಟ್ ಬಗ್ಗೆ ಗೊತ್ತಿಲ್ಲ, ಸರ್ವಿಸ್‌ನಲ್ಲಿ ಮಾಡಿದ್ದಾರೆ ಅಂದುಕೊಂಡಿದ್ದೇನೆ.

ಗ್ಯಾರೇಜ್_ಶಿರಾಗೇಟ್

ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದರೆ ಲೆಕ್ಕಕ್ಕೇ ಬರುವುದಿಲ್ಲ ಸಾರ್. ಗಾಡಿ ವಾಲಿರುತ್ತದೆ, ಆಯಿಲ್ ಒಂದು ಪಕ್ಕಕ್ಕೆ ಹೋಗಿರುತ್ತದೆ. ಹೀಗೆ ನೋಡಿ.

ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ. ಆಫ್ ಮಾಡಿ ಮತ್ತೆ ಎರಡು ಮೂರು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗೆ ಇಳಿಯಲಿ. ಕಡ್ಡಿ ತೆಗೆದು ಬಟ್ಟೆಯಲ್ಲಿ ಒರೆಸಿ. ಆಮೇಲೆ ಒಳಗೆ ಬಿಡಿ, ಆದರೆ ತಿರುಪಬೇಡಿ. ಸುಮ್ನೆ ತೂತಿನ ಮೇಲೆ ಕೂರಿಸಿ ತೆಗೆಯಿರಿ. ಸ್ಪ್ಲೆಂಡರ್‌ನಲ್ಲಿ ತಿರುಪಿ ನೋಡಿದರೆ ಕಡ್ಡಿ ಇನ್ನೂ ಒಳಗೆ ಹೋಗಿ ಆಯಿಲ್ ಜಾಸ್ತಿ ಇದ್ದ ಹಾಗೆ ತೋರಿಸುತ್ತದೆ. ಆಯಿಲ್ ಕಮ್ಮಿ ಇದ್ದರೂ ಸರಿಯಿದೆ ಎಂದು ಮೋಸಹೋಗುವುದು ಇಲ್ಲೇ. ಎರಡು ಗೆರೆಗಳ ಮಧ್ಯೆ, ಮೇಲಿನ ಗೆರೆಯ ಹತ್ತಿರ ಇರಬೇಕು. ಪಲ್ಸರ್, ಬುಲೆಟ್‌ನವರಿಗೆ ಎಂಜಿನ್ ಪಕ್ಕದಲ್ಲೇ ಗಾಜಿನ ಕಿಟಕಿ ಇರುತ್ತದೆ, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿದರೆ ಆಯಿತು.

ಇನ್ನು ಬಣ್ಣ. ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಒಳಗಿನ ಮಸಿಯನ್ನು ಎತ್ತಿ ಹಿಡಿದುಕೊಳ್ಳುವುದು ಆಯಿಲಿನ ಕೆಲಸ, ಅದು ಕೆಲಸ ಮಾಡಿದೆ ಎಂದರ್ಥ. ನಾನು ಹೆದರುವುದು ಬೇರೆ ಮೂರಕ್ಕೆ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಬೆರಳಲ್ಲಿ ಉಜ್ಜಿದಾಗ ಬೆಳ್ಳಿ ಪುಡಿಯಂತೆ ಹೊಳೆದರೆ ಒಳಗೆ ಏನೋ ಸವೆಯುತ್ತಿದೆ. ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ಅಥವಾ ರಿಂಗ್ ಕಡೆ ನೋಡಬೇಕು. ಪೆಟ್ರೋಲ್ ಬೆರೆತ ಆಯಿಲ್ ಮಾತ್ರ ನಿಜಕ್ಕೂ ನೀರಾಗುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು

ಒಂದು ಸಣ್ಣ ಸೇರ್ಪಡೆ. ಆಯಿಲ್ ಬಿಸಿಗೆ ಹಿಗ್ಗುತ್ತದೆ. 900 ಎಂ.ಎಲ್. ಆಯಿಲ್ ಎಪ್ಪತ್ತು ಡಿಗ್ರಿ ಜಾಸ್ತಿ ಕಾದರೆ ಸುಮಾರು 40–50 ಎಂ.ಎಲ್. ಹಿಗ್ಗಿರುತ್ತದೆ. ದೂರ ಓಡಿಸಿ ಬಂದ ಕೂಡಲೇ ನೋಡಿದರೆ ಲೆವೆಲ್ ಸ್ವಲ್ಪ ಮೇಲೆ ಕಾಣುತ್ತದೆ. ಯಾವಾಗಲೂ ಒಂದೇ ರೀತಿ ನೋಡುವುದು ಒಳ್ಳೆಯದು.

ಹಳೇ_ಬುಲೆಟ್

ಕ್ಯಾತಸಂದ್ರದಿಂದ. ಮಠದ ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ಬರುವ ಬುಲೆಟ್ ಗುಂಪಿನವರಿಗೆಲ್ಲ ನಾನು ಗೊತ್ತು.

ನಮ್ಮ ಯುಸಿಇ ಎಂಜಿನ್ (ಎಂಜಿನ್, ಗೇರ್ ಒಂದೇ ಕವಚದಲ್ಲಿರುವುದು) ಬುಲೆಟ್‌ಗೆ ಕಂಪನಿಯವರೇ 15ಡಬ್ಲ್ಯು-50 ಹೇಳುತ್ತಾರೆ. ಅದಕ್ಕೆ ಕಾರಣ ಎಂಜಿನ್, ಬಿಸಿಲಲ್ಲ. ಲಡಾಖ್‌ಗೆ ಹೋದವರೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ. ಒಳಗಿನ ಬೇರಿಂಗ್ ಸಂದು, ಆಯಿಲ್ ಪಂಪಿನ ಶಕ್ತಿ, ಆಯಿಲ್ ಹೋಗುವ ತೂತಿನ ಅಳತೆ ಎಲ್ಲ ನೋಡಿ ಗ್ರೇಡ್ ಬರೆದಿರುತ್ತಾರೆ. ಪಲ್ಸರ್‌ಗೆ ಹಾಕುತ್ತಾರೆ ಎಂದು ಸ್ಪ್ಲೆಂಡರ್‌ಗೂ ಹಾಕುವುದು, ಅಣ್ಣನ ಕನ್ನಡಕ ತಮ್ಮನಿಗೆ ಹಾಕಿದಂತೆ ಎಂದು ಹೇಳಬೇಕೆನ್ನಿಸಿತು, ಮೇಷ್ಟ್ರು ಆಗಲೇ ಬೋಂಡಾ ಕರಿದುಬಿಟ್ಟಿದ್ದಾರೆ, ಇರಲಿ.

ನಮ್ಮ ಬುಲೆಟ್‌ನಲ್ಲಿ ಎರಡು ಲೀಟರ್ ಆಸುಪಾಸು ಆಯಿಲ್ ಇರುತ್ತದೆ. ಸ್ಪ್ಲೆಂಡರ್‌ನಲ್ಲಿ ಒಂದು ಲೀಟರ್ ಒಳಗೆ. ನನ್ನದರಲ್ಲಿ 200 ಎಂ.ಎಲ್. ಕಮ್ಮಿಯಾದರೆ ಹತ್ತರಲ್ಲಿ ಒಂದು ಪಾಲು. ನಿಮ್ಮದರಲ್ಲಿ ಅದೇ 200 ಎಂದರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಉಳಿದ ಆಯಿಲ್ ಅಷ್ಟೇ ಬಿಸಿಯನ್ನು ಹೊತ್ತುಕೊಂಡು ಸುತ್ತಬೇಕು. ಗಾಳಿಯಿಂದ ತಣ್ಣಗಾಗುವ ಎಂಜಿನ್‌ನಲ್ಲಿ ಪಿಸ್ಟನ್, ಹೆಡ್ ಕಡೆಯ ಬಿಸಿಯನ್ನು ಕೆಳಗೆ ಇಳಿಸುವುದೂ ಆಯಿಲೇ ಅಲ್ವಾ. ಅದಕ್ಕೇ ಸಣ್ಣ ಗಾಡಿಯವರು ಲೆವೆಲ್ ಬಗ್ಗೆ ನಮಗಿಂತ ಜಾಸ್ತಿ ಎಚ್ಚರ ಇರಬೇಕು. ವಿಚಿತ್ರ ಎಂದರೆ ಜನ ಬುಲೆಟನ್ನು ವಾರ ವಾರ ಒರೆಸಿ ನೋಡುತ್ತಾರೆ, ದಿನಾ ದುಡಿಯುವ ಸ್ಪ್ಲೆಂಡರನ್ನು ಯಾರೂ ನೋಡುವುದಿಲ್ಲ.

ಡೆಲಿವರಿ_ಟೌನ್‌ಹಾಲ್

ಸರಿ, ಹಾಗಾದರೆ ಲೆವೆಲ್ ಮೇಲೆಯೇ ಇರಲಿ ಎಂದು ಒಂದು 100 ಎಂ.ಎಲ್. ಜಾಸ್ತಿ ಹಾಕಿಬಿಟ್ಟರೆ?

ಗ್ಯಾರೇಜ್_ಶಿರಾಗೇಟ್

ಬೇಡ ತಮ್ಮ. ಮೇಲಿನ ಗೆರೆ ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲ್‌ನಲ್ಲಿ ಅದ್ದಿಕೊಂಡು ಕಡೆಯುತ್ತದೆ. ನೊರೆ ಬರುತ್ತದೆ. ಪಂಪ್ ಆಯಿಲ್ ಬದಲು ಗಾಳಿಗುಳ್ಳೆ ಎಳೆದುಕೊಂಡರೆ ಹೆಡ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಗೆ ಸಿಗುವುದೇನು? ಮೇಲಾಗಿ ಬ್ರೀದರ್ ಪೈಪಿನಿಂದ ಆಯಿಲ್ ಏರ್ ಫಿಲ್ಟರ್‌ಗೆ ಹೋಗುತ್ತದೆ. ಆಯಿಲ್ ಸೀಲ್ ಸೋರುವುದೂ ಶುರುವಾಗುತ್ತದೆ. ಪಿಕಪ್ ಕೂಡ ಬೀಳುತ್ತದೆ.

ಕಡ್ಲೆಕಾಯಿ_ಎಕ್ಸೆಲ್

ಶಿರಾ ಹತ್ತಿರದ ಹಳ್ಳಿಯವನು. ನಮ್ಮ ಮನೆಯಲ್ಲಿರುವುದು ಟಿವಿಎಸ್ ಎಕ್ಸೆಲ್ 100. ಎರಡು ಮೂಟೆ ಕಡ್ಲೆಕಾಯಿ, ಇಲ್ಲ ಹಾಲಿನ ಕ್ಯಾನ್, ಹಿಂದೆ ಒಬ್ಬರು. ನಮ್ಮಪ್ಪ ಮೊದಲು ಹಳೇ ಎಕ್ಸೆಲ್ ಸೂಪರ್ ಇಟ್ಟುಕೊಂಡಿದ್ದರು. ಅದು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಬೇಕಿತ್ತು. ಹೊಸದಕ್ಕೂ ಬಂಕ್‌ನಲ್ಲಿ "ಆಯಿಲ್ ಬಿಡಪ್ಪಾ" ಅನ್ನುತ್ತಾರೆ. ಬಿಸಿಲಿಗೆ ಒಳ್ಳೆಯದು, ಹೊಟ್ಟೆಯೊಳಗೂ ಒಂಚೂರು ತಂಪಿರಲಿ ಅನ್ನುವುದು ಅವರ ವಾದ. ಹಾಕಿದರೆ ಏನಾಗುತ್ತದೆ?

ಇನ್ನೊಂದು. ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯು-40 ಡೀಸೆಲ್ ಆಯಿಲ್ ಯಾವಾಗಲೂ ಮನೆಯಲ್ಲಿ ಮಿಕ್ಕಿರುತ್ತದೆ. ಅದನ್ನು ಬೈಕಿಗೆ ಹಾಕಬಹುದಾ? ಊರಲ್ಲಿ ಹಾಕುವವರಿದ್ದಾರೆ.

ಗ್ಯಾರೇಜ್_ಶಿರಾಗೇಟ್

ಅಪ್ಪನಿಗೆ ಹೇಳಿ, ಎಕ್ಸೆಲ್ 100 ಫೋರ್ ಸ್ಟ್ರೋಕ್. ಅದರ ಆಯಿಲ್ ಕೆಳಗೆ ಎಂಜಿನ್ ಒಳಗೆ ಬೇರೆಯೇ ಇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಬಂದ ಆಯಿಲೇ ಪಿಸ್ಟನ್‌ಗೂ ಬೇರಿಂಗ್‌ಗೂ ತಾಗಿ, ಆಮೇಲೆ ಸುಟ್ಟು ಹೋಗುತ್ತಿತ್ತು. ಮೈಸೂರಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳದ್ದೂ ಅದೇ ಕಥೆ. ಈ ಎಂಜಿನ್‌ನಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸಿದರೆ ತಂಪೂ ಆಗುವುದಿಲ್ಲ, ಏನೂ ಆಗುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ, ವಾಲ್ವ್ ಮೇಲೆ ಮಸಿ ಕೂರುತ್ತದೆ. ಕೆಳಗಿನ ಆಯಿಲ್ ನೋಡುವುದನ್ನು ಮಾತ್ರ ಮರೆತುಬಿಡುತ್ತಾರೆ, ಅದೇ ದೊಡ್ಡ ಅಪಾಯ. ಮೂಟೆ ಹೊರುವ ಗಾಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಲೆವೆಲ್ ನೋಡಿ.

ಫಿನ್ ಮಧ್ಯೆ ಕೆಸರು, ಸಗಣಿ ಒಣಗಿ ಕೂತಿರುತ್ತದೆ. ಅದನ್ನು ಮೊದಲು ಕಡ್ಡಿ ಹಾಕಿ ಕೆರೆಯಿರಿ. ಹಳ್ಳಿ ಗಾಡಿಗಳು ಕಾಯುವುದಕ್ಕೆ ಅರ್ಧ ಕಾರಣ ಅದು. ತೊಳೆಯುವುದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ದಾರಿಯಲ್ಲಿ ನಿಲ್ಲಿಸಿ ಕಾದ ಹೆಡ್ ಮೇಲೆ ಬಾಟಲಿ ನೀರು ಸುರಿಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಒಂದು ಕಡೆ ಒಮ್ಮೆಲೇ ತಣ್ಣಗಾಗಿ ಇನ್ನೊಂದು ಕಡೆ ಕಾದೇ ಇದ್ದರೆ ಲೋಹ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ನೆರಳಲ್ಲಿ ಸುಮ್ನೆ ನಿಲ್ಲಿಸಿ, ನೀವು ನೀರು ಕುಡಿಯಿರಿ.

ಕೆಮಿಸ್ಟ್ರಿ_ಮೇಷ್ಟ್ರು

ಟ್ರ್ಯಾಕ್ಟರ್ ಆಯಿಲ್ ಬಗ್ಗೆ ನಾನು ಹೇಳುತ್ತೇನೆ.

ಬೈಕ್‌ನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಇಲ್ಲೊಂದು ಇಕ್ಕಟ್ಟಿದೆ. ಪಿಸ್ಟನ್‌ಗೆ ಜಾರುವುದು ಬೇಕು. ಕ್ಲಚ್ ಪ್ಲೇಟ್‌ಗೆ ಹಿಡಿಯುವುದು ಬೇಕು. ಪೆಟ್ರೋಲ್ ಉಳಿಸಲೆಂದು ಕಾರಿನ ಆಯಿಲ್‌ಗೆ ಜಾರುವ ಮದ್ದು ಸೇರಿಸುವುದು ಜಾಸ್ತಿಯಾದ ಮೇಲೆ ಬೈಕ್‌ಗಳಲ್ಲಿ ಕ್ಲಚ್ ಸ್ಲಿಪ್ ತೊಂದರೆ ಬಂತು. ಆಗ ಜಪಾನಿನವರು 1998ರಲ್ಲಿ ಬೈಕ್ ಆಯಿಲ್‌ಗೆ ಬೇರೆಯೇ ಮಾನದಂಡ ತಂದರು. ಅದೇ ಡಬ್ಬಿ ಹಿಂದೆ ಇರುವ ಜಾಸೊ ಎಂಎ. ಎಂಎ2 ಎಂದಿದ್ದರೆ ಹಿಡಿತ ಇನ್ನೂ ಜಾಸ್ತಿ.

ಡೀಸೆಲ್ ಆಯಿಲ್‌ನಲ್ಲಿ ಸಾಮಾನ್ಯವಾಗಿ ಆ ಜಾರುವ ಮದ್ದು ಇರುವುದಿಲ್ಲ. ಹಾಗಾಗಿ ಹಾಕಿದ ಕೂಡಲೇ ಕ್ಲಚ್ ಜಾರದೇ ಇರಬಹುದು, "ನೋಡಿ, ಏನೂ ಆಗಲಿಲ್ಲ" ಎಂದು ಊರವರು ಹೇಳುವುದು ಅದಕ್ಕೇ. ಆದರೆ ಅದನ್ನು ಮಾಡಿರುವುದು ಡೀಸೆಲ್ ಮಸಿಗಾಗಿ. ಡಬ್ಬಿ ಮೇಲೆ ಜಾಸೊ ಎಂಎ ಇಲ್ಲದಿದ್ದರೆ ಬೈಕ್ ಕ್ಲಚ್‌ಗೆ ಪರೀಕ್ಷೆ ಆಗಿದೆ ಎಂಬ ಭರವಸೆ ಇಲ್ಲ. ಒಂದು ಲೀಟರ್ ಒಳಗಿನ ಆಯಿಲ್ ಉಳಿಸಲು ಹೋಗಿ ಕ್ಲಚ್ ಪ್ಲೇಟ್ ಖರ್ಚು ತಂದುಕೊಳ್ಳುವುದು ಏಕೆ?

ಗೇರ್ ವಿಷಯ ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಎರಡು ಸಂಖ್ಯೆ ಇರುವ ಆಯಿಲ್‌ಗಳಲ್ಲಿ ಬಿಸಿಯಾದಾಗ ತೆಳುವಾಗದಂತೆ ಹಿಡಿದಿಡಲು ಉದ್ದನೆಯ ಪಾಲಿಮರ್ ಎಳೆಗಳನ್ನು ಸೇರಿಸಿರುತ್ತಾರೆ. ಗೇರ್ ಹಲ್ಲುಗಳ ಮಧ್ಯೆ ಸಿಕ್ಕಿ ಅವು ತುಂಡಾಗುತ್ತಾ ಹೋಗುತ್ತವೆ. ಹಾಗಾಗಿ ಡಬ್ಬಿಯಿಂದ ಸುರಿದಾಗ ಇದ್ದ 50 ತಿಂಗಳುಗಟ್ಟಲೆ ಓಡಿದ ಮೇಲೂ 50 ಆಗಿಯೇ ಇರುವುದಿಲ್ಲ. ಗಟ್ಟಿ ಆಯಿಲ್ ಹಾಕಿದೆ ಎಂಬ ಧೈರ್ಯದಲ್ಲಿ ಬದಲಾಯಿಸುವುದನ್ನು ಮುಂದೂಡಿದರೆ ಏನೂ ಗಿಟ್ಟುವುದಿಲ್ಲ.

ಗುಬ್ಬಿ_ಸ್ಕೂಟಿ

ಒಂದು ಪ್ರಶ್ನೆ. ನನ್ನದು ಆಕ್ಟಿವಾ. ಗುಬ್ಬಿಯ ಅಂಗಡಿಯಲ್ಲಿ ಆಯಿಲ್ ಕೇಳಿದರೆ "ಎಲ್ಲಾ ಒಂದೇ ಮೇಡಂ" ಎಂದು ಬೈಕಿನದೇ ಕೊಡುತ್ತಾರೆ. ನನ್ನ ಬುಕ್ಕಲ್ಲಿ ಎಂಬಿ ಎಂದಿದೆ. ಎಂಎ ಹಾಕಿದರೆ ಕೆಡುತ್ತದಾ?

ಕೆಮಿಸ್ಟ್ರಿ_ಮೇಷ್ಟ್ರು

ಕೆಡುವುದಿಲ್ಲ ತಾಯಿ. ಸ್ಕೂಟರ್‌ನಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಒಣದಾಗಿಯೇ ಬೇರೆ ಡಬ್ಬದಲ್ಲಿರುತ್ತದೆ. ಆದ್ದರಿಂದ ಅದಕ್ಕೆ ಜಾರುವ ಆಯಿಲ್, ಅಂದರೆ ಎಂಬಿ ಕೊಡುತ್ತಾರೆ. ಮೈಲೇಜ್‌ಗೆ ಸ್ವಲ್ಪ ಅನುಕೂಲ. ಎಂಎ ಹಾಕಿದರೆ ಆ ಅನುಕೂಲ ತಪ್ಪುತ್ತದೆ, ಅಷ್ಟೇ. ತಿರುಗಾಮುರುಗಾ ಮಾಡಿ ಬೈಕಿಗೆ ಎಂಬಿ ಹಾಕಬಾರದು. ಸ್ಕೂಟರ್‌ನ ಹಿಂದಿನ ಚಕ್ರದ ಹತ್ತಿರ ಬೇರೆ ಗೇರ್ ಆಯಿಲ್ ಇರುತ್ತದೆ, ಅದನ್ನೂ ಬದಲಾಯಿಸಿದ್ದಾರಾ ಕೇಳಿ. ಬಹಳ ಜನ ಮರೆಯುವುದು ಅದನ್ನೇ.

ಪಾವಗಡದ_ಬಿಸಿಲು

ಸಿಂಥೆಟಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಪಲ್ಸರ್‌ಗೆ ಅದೇ ಗ್ರೇಡ್‌ನ ಸಿಂಥೆಟಿಕ್ ಹಾಕಿಸುತ್ತೇನೆ. ಮಿನರಲ್ ಆಯಿಲ್‌ಗಿಂತ ಎರಡು ಮೂರು ಪಟ್ಟು ದುಡ್ಡು. ಆದರೆ ಬೇಸಿಗೆಯಲ್ಲಿ ಇಳಿಯುವುದು ಕಮ್ಮಿ, ಗೇರ್ ಕೂಡ ಕಾದ ಮೇಲೆ ಸಲೀಸು.

ಕೆಮಿಸ್ಟ್ರಿ_ಮೇಷ್ಟ್ರು

ಸರಿಯಾದ ಅನುಭವ. ಸಿಂಥೆಟಿಕ್ ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗಿ ಹೋಗುವುದೂ ಕಮ್ಮಿ. ನಿಮ್ಮಂತೆ ಇಡೀ ದಿನ ನಿಧಾನಕ್ಕೆ ಸುತ್ತುವವರಿಗೆ ದುಡ್ಡು ದಂಡವಲ್ಲ. ಮಧುಗಿರಿಯವರಂತೆ ಒಂದೇ ಸಮ ಹೋಗಿ ಬರುವ ಸ್ಪ್ಲೆಂಡರ್‌ಗೆ ಬೇಗ ಬೇಗ ಬದಲಾಯಿಸುವ ಮಿನರಲ್ ಆಯಿಲೇ ಸಾಕು ಎಂದು ನನ್ನ ಅಭಿಪ್ರಾಯ.

ಹಳೇ_ಬುಲೆಟ್

ದುಡ್ಡಿನ ಮಾತು ಬಂದದ್ದಕ್ಕೆ. ಯಾವ ಆಯಿಲ್ ಆದರೂ ಡಬ್ಬಿ ಅಸಲಿ ಇರಲಿ. ಖಾಲಿ ಡಬ್ಬಿಗಳನ್ನು ಒಳ್ಳೆ ಬೆಲೆಗೆ ಕೊಳ್ಳುವವರಿದ್ದಾರೆ. ಏಕೆ ಕೊಳ್ಳುತ್ತಾರೆ ಎಂದು ಯೋಚನೆ ಮಾಡಿ. ಸೀಲ್ ನಿಮ್ಮ ಕಣ್ಣ ಮುಂದೆ ಒಡೆಯಲಿ. ಸುರಿದಾದ ಮೇಲೆ ಖಾಲಿ ಡಬ್ಬಿಯನ್ನು ಚಾಕುವಿನಲ್ಲಿ ಸೀಳಿಸಿ ಬನ್ನಿ. ಮೆಕ್ಯಾನಿಕ್ ಬೇಜಾರು ಮಾಡಿಕೊಂಡರೆ ಗ್ಯಾರೇಜ್ ಬದಲಾಯಿಸಿ.

ಗ್ಯಾರೇಜ್_ಶಿರಾಗೇಟ್

ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಸಾರ್, ಚಾಕು ನಾನೇ ಕೊಡುತ್ತೇನೆ.

ಒಂದು ಮಾತಲ್ಲಿ ಮಾತ್ರ ಮೇಷ್ಟ್ರಿಗೂ ನನಗೂ ಪೂರ್ತಿ ಹೊಂದುವುದಿಲ್ಲ. ಬುಕ್ಕಿನ ಗ್ರೇಡೇ ಸರಿ, ಹೊಸ ಗಾಡಿಗೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಲಕ್ಷ ಕಿಲೋಮೀಟರ್ ಹತ್ತಿರ ಓಡಿದ, ರಿಂಗ್ ಸವೆದ, ಆಯಿಲ್ ಕುಡಿಯುವ ಹಳೇ ಎಂಜಿನ್ ಬಂದರೆ, ಬೋರ್ ಕಿಟ್ (ಹೊಸ ಬೋರ್, ಪಿಸ್ಟನ್, ರಿಂಗ್) ಹಾಕಿಸಲು ದುಡ್ಡಿಲ್ಲ ಎಂದರೆ, ಒಂದು ಮೆಟ್ಟಿಲು ಏರಿಸಿ 20ಡಬ್ಲ್ಯು-40 ಹಾಕುತ್ತೇನೆ. ಒಂದು ಬೇಸಿಗೆ ದೂಡುತ್ತದೆ. 50ಕ್ಕೆ ಹಾರುವುದಿಲ್ಲ. ತೀರಾ ಗಟ್ಟಿಯಾದರೆ ಬೆಳಿಗ್ಗೆ ಮೇಲಿನ ಕ್ಯಾಮ್‌ಗೆ ಆಯಿಲ್ ತಲುಪುವುದು ತಡ, ಮೈಲೇಜೂ ಬೀಳುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು

ಅದು ಬಿಸಿಲಿಗೆ ಮದ್ದಲ್ಲ, ಸವೆತಕ್ಕೆ ಊರುಗೋಲು. ಹಾಗೆಂದು ಹೇಳಿ ಹಾಕುವುದಾದರೆ ನನ್ನ ತಕರಾರಿಲ್ಲ. ಕೆಲವು ಕಂಪನಿಗಳ ಬುಕ್ಕಲ್ಲಿ ಹೊರಗಿನ ಬಿಸಿಗೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳ ಪಟ್ಟಿಯೇ ಇರುತ್ತದೆ. ಅಂಥ ಪಟ್ಟಿ ಇದ್ದರೆ ಅದರೊಳಗೆ ಆರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಮಧುಗಿರಿ_ಸವಾರ

ಡಬಲ್ ಸ್ಟ್ಯಾಂಡ್ ಹಾಕಿ, ತಿರುಪದೆ ನೋಡಿದೆ. ಕೆಳಗಿನ ಗೆರೆಗಿಂತಲೂ ಕೆಳಗಿದೆ. ಹೊಗೆ ಇಲ್ಲ, ಕೆಳಗೆ ಸೋರಿದ ಗುರುತೂ ಇಲ್ಲ. ಹಾಗಾದರೆ ಬುಕ್ಕಿನ ಗ್ರೇಡೇ, ಜಾಸೊ ಎಂಎ ನೋಡಿ ಹಾಕಿಸುತ್ತೇನೆ. ಬರೀ ಮೇಲಕ್ಕೆ ತುಂಬಿಸಿದರೆ ಸಾಕಾ, ಪೂರ್ತಿ ಬದಲಾಯಿಸಬೇಕಾ?

ಹಳೇ ಆಯಿಲ್ ಏನು ಮಾಡುವುದು ಎಂಬುದೂ ಹೇಳಿ. ಚೈನ್‌ಗೆ ಹಾಕಿದರೆ ಒಳ್ಳೆಯದು ಅನ್ನುತ್ತಾರೆ.

ಪಾವಗಡದ_ಬಿಸಿಲು

ನಮ್ಮ ಕಡೆ ಹಳೇ ಆಯಿಲನ್ನು ಬಾಗಿಲು, ತೊಲೆಗೆ ಗೆದ್ದಲು ಹಿಡಿಯದಂತೆ ಬಳಿಯುತ್ತಾರೆ. ಸೆಂಟ್ರಿಂಗ್‌ನವರು ಹಲಗೆಗೆ ಬಳಿಯಲು ಕೇಳಿಕೊಂಡು ಬರುತ್ತಾರೆ.

ಕೆಮಿಸ್ಟ್ರಿ_ಮೇಷ್ಟ್ರು

ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅನುಮತಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. ಚರಂಡಿಗೆ, ಹಿತ್ತಲಿಗೆ ಸುರಿಯುವುದಂತೂ ಬೇಡವೇ ಬೇಡ. ಬೋರ್‌ವೆಲ್ ನೀರು ನಂಬಿಕೊಂಡಿರುವ ಜಿಲ್ಲೆ ನಮ್ಮದು. ಮನೆಯಲ್ಲಿ ಬದಲಾಯಿಸಿದರೆ ಹಳೇ ಡಬ್ಬಿಯಲ್ಲಿ ತುಂಬಿಸಿ, ಬ್ಯಾರೆಲ್ ಇಟ್ಟುಕೊಂಡು ಘಟಕಕ್ಕೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ. ಬರಿಗೈಯಲ್ಲಿ ಮುಟ್ಟುವುದೂ ಒಳ್ಳೆಯದಲ್ಲ.

ಗ್ಯಾರೇಜ್_ಶಿರಾಗೇಟ್

ಚೈನ್‌ಗೆ ಅದನ್ನು ಹಾಕಬೇಡಿ ಸಾರ್. ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ, ಮೇಲೆ ಧೂಳು ಅಂಟಿದರೆ ಅರದ ಹಾಗೆ ಚೈನ್ ತಿನ್ನುತ್ತದೆ. 90 ನಂಬರ್ ಗೇರ್ ಆಯಿಲ್ ನಾಲ್ಕು ಹನಿ ಬಿಟ್ಟು, ಮಿಕ್ಕಿದ್ದನ್ನು ಒರೆಸಿ.

ನಿಮ್ಮದು ಪೂರ್ತಿ ಬದಲಾಯಿಸಬೇಕು. ದೀಪಾವಳಿಯಿಂದ ಓಡಿದ ಆಯಿಲ್ ಮೇಲೆ ಹೊಸದು ಸುರಿದು ಪ್ರಯೋಜನ ಇಲ್ಲ. ನಿಮ್ಮ ಗಾಡಿಯಲ್ಲಿ ಬಿಸಾಡುವ ಫಿಲ್ಟರ್ ಇಲ್ಲ, ಒಳಗೆ ಜಾಲರಿಯೂ ತಿರುಗುವ ಫಿಲ್ಟರ್ ಬಟ್ಟಲೂ ಇರುತ್ತವೆ. ಅದರಲ್ಲಿ ಗಸಿ ಕಟ್ಟಿದ್ದರೆ ಆಯಿಲ್ ಸರಿಯಾಗಿ ಮೇಲೆ ಹೋಗುವುದಿಲ್ಲ. ಕವರ್ ಬಿಚ್ಚಿ ತೊಳೆಯಬೇಕು. ಡ್ರೈನ್ ನಟ್‌ಗೆ ಹೊಸ ವಾಷರ್ ಹಾಕುತ್ತೇನೆ. ಮನೆಯಲ್ಲಿ ಮಾಡುವವರು ಆ ನಟ್ಟನ್ನು ಬಲವೆಲ್ಲ ಹಾಕಿ ಬಿಗಿಯಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದರೆ ದೊಡ್ಡ ಕೆಲಸ. ಇಲ್ಲಿಂದ ಮುಂದೆ ಜೂನ್‌ವರೆಗೆ 2,500 ಕಿಲೋಮೀಟರಿಗೊಮ್ಮೆ ಬದಲಾಯಿಸಿ, ಹದಿನೈದು ದಿನಕ್ಕೊಮ್ಮೆ ಕಡ್ಡಿ ನೋಡಿ.

ಟ್ಯಾಪೆಟ್ ಸೆಟ್ ಮಾಡಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೊರಟಗೆರೆ ಮೇಲೆ ಓಡಿಸಿಕೊಂಡು ಬಂದು "ಈಗಲೇ ಮಾಡಿ" ಅಂದರೆ ಆಗುವುದಿಲ್ಲ. ಶನಿವಾರ ಶಿಫ್ಟ್ ಮುಗಿಸಿ ಗಾಡಿ ಇಲ್ಲೇ ಬಿಟ್ಟು ಬಸ್ಸಲ್ಲಿ ಊರಿಗೆ ಹೋಗಿ. ಭಾನುವಾರ ಹತ್ತು ಗಂಟೆಯೊಳಗೆ ಮುಗಿಸಿಕೊಡುತ್ತೇನೆ. ಆಯಿಲ್ ನೀವೇ ತನ್ನಿ, ಸೀಲ್ ಒಡೆಯದೆ.